ಝಾವೊ ಡಾನ್: ಪಾತ್ರಗಳು ಮತ್ತು ಖಾಲಿ ವರ್ಷಗಳು

ಚೀನಾ ಸಿನಿಮಾ ಅಂದ ಕೂಡಲೇ ನಮ್ಮ ಕಡೆ ಬಾಯಿಗೆ ಬರೋದು ಬ್ರೂಸ್ ಲೀ, ಜಾಕಿ ಚಾನ್. ನಮ್ಮೂರ ಹುಡುಗರಿಗೆ ಚೀನಾ ಅಂದ್ರೆ ಕುಂಗ್‌ಫು, ಅಷ್ಟೇ. ಆದರೆ ಅವರಿಬ್ಬರೂ ಮೊದಲು ಹೆಸರು ಮಾಡಿದ್ದು ಹಾಂಗ್‌ಕಾಂಗ್ ಸಿನಿಮಾಗಳಲ್ಲಿ. ಅದಕ್ಕಿಂತ ಎಷ್ಟೋ ಮುಂಚೆ, 1930ರ ದಶಕದಲ್ಲೇ, ಶಾಂಘೈನಲ್ಲಿ ದೊಡ್ಡ ಚಿತ್ರೋದ್ಯಮ ಇತ್ತು. ಅಲ್ಲಿಂದ ಬಂದ ಝಾವೊ ಡಾನ್ ಅನ್ನೋ ನಟನ ಕಥೆ ಇದು.

ನಮ್ಮ ಕೆಲಸದಲ್ಲಿ ಸರ್ವರ್ ಕೈಕೊಟ್ಟಾಗ ಲಾಗ್ ಫೈಲ್ ತೆಗೆದು ನೋಡ್ತೀವಿ. ಅಲ್ಲಿರೋ ಸಾಲುಗಳಿಗಿಂತ, ಒಂದು ಸಾಲೂ ದಾಖಲಾಗದ ಹೊತ್ತೇ ಎಷ್ಟೋ ಸಲ ಅಸಲಿ ವಿಷಯ ಹೇಳುತ್ತೆ. ಝಾವೊ ಡಾನ್‌ನ ಚಿತ್ರಗಳ ಪಟ್ಟಿಯನ್ನೂ ಹಾಗೇ ಓದಬೇಕು. ಯಾವ ಪಾತ್ರ ಮಾಡಿದ ಅನ್ನೋದರ ಜೊತೆಗೆ, ಯಾವ ವರ್ಷಗಳಲ್ಲಿ ಯಾವ ಪಾತ್ರವೂ ಇರಲಿಲ್ಲ ಅನ್ನೋದನ್ನೂ ನೋಡಬೇಕು.

ಹುಟ್ಟಿದ್ದು 1915ರಲ್ಲಿ. ಬೆಳೆದದ್ದು ನಾನ್‌ಟಾಂಗ್ ಊರಲ್ಲಿ. ಅಪ್ಪ ಅಲ್ಲಿ ನಾಟಕದ ಥಿಯೇಟರ್ ನಡೆಸುತ್ತಿದ್ದ. ಚಿತ್ರಕಲೆ ಕಲಿಯೋಕೆ ಅಂತ ಶಾಂಘೈಗೆ ಬಂದವನು 1932ರ ಹೊತ್ತಿಗೆ ಸಿನಿಮಾ ಸೇರಿದ. ಹೆಸರು ತಂದುಕೊಟ್ಟದ್ದು 1937ರ ಎರಡು ಚಿತ್ರಗಳು. 'ಕ್ರಾಸ್‌ರೋಡ್ಸ್'ನಲ್ಲಿ ಓದಿಯೂ ಕೆಲಸ ಸಿಗದೆ ಒದ್ದಾಡೋ ಹುಡುಗ. ರಾತ್ರಿ ಪಾಳಿ ಮುಗಿಸಿ ಹಗಲು ಮಲಗೋ ಇವನು, ಹಗಲು ಗಿರಣಿಗೆ ಹೋಗಿ ರಾತ್ರಿ ಮಲಗೋ ಪಕ್ಕದ ರೂಮಿನ ಹುಡುಗಿ. ನಡುವೆ ಒಂದು ತೆಳು ಗೋಡೆ. ಮುಖವನ್ನೇ ನೋಡದೆ ಇಬ್ಬರೂ ಜಗಳ ಆಡ್ತಾರೆ! ಊರು ಬಿಟ್ಟು ಬೆಂಗಳೂರಲ್ಲಿ ರೂಮು ಮಾಡಿದವರಿಗೆಲ್ಲ ಇದು ಅರ್ಥವಾಗುತ್ತೆ. 'ಸ್ಟ್ರೀಟ್ ಏಂಜೆಲ್'ನಲ್ಲಿ ಬ್ಯಾಂಡ್‌ನಲ್ಲಿ ತುತ್ತೂರಿ ಊದೋ ಬಡ ಹುಡುಗ. ಎದುರು ಮನೆಯ ಗಾಯಕಿಯನ್ನ ನಗಿಸೋಕೆ ಕಿಟಕಿಯಲ್ಲಿ ನಿಂತು ಜಾದೂ ಮಾಡ್ತಾನೆ. ಆ ಚುರುಕು ಇವತ್ತು ನೋಡಿದರೂ ಹಳತಾಗಿಲ್ಲ.

ಅದೇ ವರ್ಷ ಜಪಾನ್ ಜೊತೆ ಯುದ್ಧ ಶುರುವಾಯಿತು. 1939ರಲ್ಲಿ ಗೆಳೆಯರನ್ನ ಕಟ್ಟಿಕೊಂಡು ರಂಗಭೂಮಿ ಕಟ್ಟೋಕೆ ದೂರದ ಷಿನ್‌ಜಿಯಾಂಗ್‌ಗೆ ಹೋದ. ಅಲ್ಲಿನ ಯುದ್ಧದೊರೆ ಶೆಂಗ್ ಶಿತ್ಸಾಯ್ ಇವನನ್ನ ಹಿಡಿದು ಜೈಲಿಗೆ ಹಾಕಿಸಿದ. ಸುಮಾರು 5 ವರ್ಷ. ಹೊರಗೆ ಬರೋ ಹೊತ್ತಿಗೆ, ಗಂಡ ಸತ್ತ ಅನ್ನೋ ಸುದ್ದಿ ನಂಬಿದ ಹೆಂಡತಿ ಬೇರೆ ಮದುವೆ ಆಗಿದ್ದಳು. ಪಟ್ಟಿಯಲ್ಲಿ ಮೊದಲ ಖಾಲಿ ಜಾಗ ಇದು.

ಮತ್ತೆ ಶಾಂಘೈ. 1949ರ 'ಕ್ರೋಸ್ ಅಂಡ್ ಸ್ಪ್ಯಾರೋಸ್'ನಲ್ಲಿ ಬೀದಿ ವ್ಯಾಪಾರಿ, ಊರ ಸುದ್ದಿಯೆಲ್ಲ ಬಿತ್ತರಿಸೋ ಬಾಯಿಬಡುಕ. ಬೆಲೆ ಏರಿಕೆಯ ಆ ಕಾಲದಲ್ಲಿ ಚಿನ್ನ ಕೊಂಡು ದಿಢೀರ್ ಶ್ರೀಮಂತ ಆಗ್ತೀನಿ ಅಂತ ಸರದಿಯಲ್ಲಿ ನಿಂತು ಏಟು ತಿಂದು ಬರ್ತಾನೆ. ನಗುತ್ತಲೇ ಅಯ್ಯೋ ಅನ್ನಿಸುತ್ತೆ. ಈ ಚಿತ್ರದ ಶೂಟಿಂಗನ್ನ ಚಿಯಾಂಗ್ ಕೈ ಶೇಕ್ ಸರ್ಕಾರದ ಸೆನ್ಸಾರ್‌ನವರು ನಿಲ್ಲಿಸಿದ್ದರು. ಮೇ ತಿಂಗಳಲ್ಲಿ ಕಮ್ಯುನಿಸ್ಟರು ಶಾಂಘೈ ಗೆದ್ದ ಮೇಲೆ ಅದು ಪೂರ್ತಿಯಾಯಿತು. ಇನ್ನು ಮುಂದೆ ನಮ್ಮ ಕಾಲ ಅಂತ ಆ ತಂಡಕ್ಕೆ ಅನ್ನಿಸಿದ್ದರೆ ಆಶ್ಚರ್ಯವೇನಿಲ್ಲ.

ಮುಂದಿನ ಪಾತ್ರ ವು ಶುನ್. 19ನೇ ಶತಮಾನದಲ್ಲಿ ಭಿಕ್ಷೆ ಬೇಡಿ, ಕಾಸಿಗಾಗಿ ಹೊಡೆಸಿಕೊಂಡು, ಬಡ ಮಕ್ಕಳಿಗೆ ಶಾಲೆ ಕಟ್ಟಿಸಿದ ನಿಜವಾದ ವ್ಯಕ್ತಿ. ಚಿತ್ರವನ್ನ ಜನ ಮೆಚ್ಚಿದರು, ಪತ್ರಿಕೆಗಳು ಹೊಗಳಿದವು. 1951ರ ಮೇ 20ರಂದು 'ಪೀಪಲ್ಸ್ ಡೈಲಿ'ಯಲ್ಲಿ ಒಂದು ಸಂಪಾದಕೀಯ ಬಂತು. ಅದರ ಹಿಂದಿದ್ದದ್ದು ಸ್ವತಃ ಮಾವೋ. ಆಕ್ಷೇಪ ಇಷ್ಟೇ: ಜಮೀನುದಾರರ ಎದುರು ಸಿಡಿದೇಳೋ ಬದಲು ಅವರ ಮುಂದೆ ಮಂಡಿಯೂರಿದವನನ್ನ ಹೊಗಳೋದು ಯಾಕೆ? ಹೊಗಳಿದವರೆಲ್ಲ ತಪ್ಪೊಪ್ಪಿಗೆ ಬರೆಯೋ ಹಾಗಾಯಿತು. ಝಾವೊ ಡಾನ್ ಮತ್ತೆ ದೊಡ್ಡ ಪಾತ್ರದಲ್ಲಿ ಕಂಡಿದ್ದು 1956ರಲ್ಲಿ, ಮೂಲಿಕೆ ವೈದ್ಯ ಲಿ ಶಿಜೆನ್ ಆಗಿ. ಎರಡನೇ ಖಾಲಿ ಜಾಗ.

1959ರಲ್ಲಿ ಒಂದೇ ವರ್ಷ ಎರಡು ಪಾತ್ರ. ಒಂದು, ಅಫೀಮು ಯುದ್ಧದ ಕಾಲದ ಅಧಿಕಾರಿ ಲಿನ್ ಝೆಶು. 1839ರಲ್ಲಿ ಬ್ರಿಟಿಷ್ ವ್ಯಾಪಾರಿಗಳಿಂದ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು ಕಸಿದು ನಾಶ ಮಾಡಿಸಿದವನು. ಆ ಅಫೀಮಿನ ಬಹುಪಾಲು ಬೆಳೆದದ್ದು ನಮ್ಮ ಬಿಹಾರ, ಬನಾರಸ್, ಮಾಳ್ವಾದ ರೈತರ ಹೊಲಗಳಲ್ಲಿ ಅನ್ನೋದು ನೆನಪಿರಲಿ. ಇನ್ನೊಂದು, ಚೀನಾದ ರಾಷ್ಟ್ರಗೀತೆಗೆ ರಾಗ ಹಾಕಿದ ನಿಯೆ ಅರ್. ಆತ ಝಾವೊ ಡಾನ್‌ನ ಶಾಂಘೈ ದಿನಗಳ ಗೆಳೆಯ, 23ನೇ ವಯಸ್ಸಿಗೇ ನೀರುಪಾಲಾದವನು. 44ರ ನಟ ಆ ಹುಡುಗನ ಪಾತ್ರ ಮಾಡಿದ. ಒಂದು ಕಡೆ ಬಿಗುಮಾನದ ಅಧಿಕಾರಿ, ಇನ್ನೊಂದು ಕಡೆ ಕುಣಿದಾಡೋ ಹುಡುಗ. ಎರಡನ್ನೂ ನೋಡಿದವರಿಗೆ ಒಬ್ಬನೇ ನಟ ಅಂತ ನಂಬೋದೇ ಕಷ್ಟ.

1965ರಲ್ಲಿ ಬಂದ ಚಿತ್ರದಲ್ಲಿ ಆತ ಸೆರೆಯಲ್ಲಿರೋ ಕ್ರಾಂತಿಕಾರಿ. ಅದೇ ಕೊನೆಯ ಪಾತ್ರ. 1967ರಲ್ಲಿ ನಿಜವಾದ ಜೈಲು. ಈ ಸಲ ಒಳಗೆ ಹಾಕಿದ್ದು ಅವನದೇ ಪಕ್ಷದ ಸರ್ಕಾರ. 1935ರಲ್ಲಿ ಇಬ್ಸೆನ್‌ನ 'ಎ ಡಾಲ್ಸ್ ಹೌಸ್' ನಾಟಕದಲ್ಲಿ ಇವನು ಗಂಡನ ಪಾತ್ರ ಮಾಡಿದ್ದ. ಹೆಂಡತಿ ನೋರಾ ಪಾತ್ರದಲ್ಲಿದ್ದವಳು ಲಾನ್ ಪಿಂಗ್ ಅನ್ನೋ ನಟಿ. ಆಕೆಯೇ ಮುಂದೆ ಮಾವೋ ಹೆಂಡತಿ ಜಿಯಾಂಗ್ ಚಿಂಗ್. ಸಾಂಸ್ಕೃತಿಕ ಕ್ರಾಂತಿಯ ಹೊತ್ತಲ್ಲಿ ಅವಳ ಶಾಂಘೈ ದಿನಗಳನ್ನ ಬಲ್ಲವರಾಗಿರೋದೇ ಅಪಾಯ ಆಗಿತ್ತು. ಲಿನ್ ಝೆಶು, ನಿಯೆ ಅರ್ ಚಿತ್ರಗಳನ್ನ ನಿರ್ದೇಶಿಸಿದ ಗೆಳೆಯ ಝೆಂಗ್ ಜುನ್‌ಲಿ 1969ರಲ್ಲಿ ಸೆರೆಯಲ್ಲೇ ಸತ್ತ. ಝಾವೊ ಡಾನ್ 5 ವರ್ಷಕ್ಕೂ ಹೆಚ್ಚು ಕಾಲ ಒಳಗಿದ್ದು 1973ರಲ್ಲಿ ಹೊರಬಂದ.

ಮಾಡದೇ ಉಳಿದ ಪಾತ್ರಗಳೂ ಇವೆ. ಲೇಖಕ ಲು ಶುನ್ ಆಗೋಕೆ 1960ರ ದಶಕದ ಶುರುವಿನಲ್ಲಿ ಮೀಸೆ ಬಿಟ್ಟು, ಅವನ ಹಾಗೇ ಕೂತು ಎದ್ದು ತಯಾರಾಗಿದ್ದ. ಆ ಚಿತ್ರವೇ ನಿಂತುಹೋಯಿತು. ಜೈಲಿಂದ ಬಂದ ಮೇಲೆ ಚೌ ಎನ್‌ಲಾಯ್ ಪಾತ್ರದ ಆಸೆ ಇತ್ತು, ಅದೂ ಕೈಗೂಡಲಿಲ್ಲ. ತುತ್ತೂರಿಯವನಿಂದ ಭಿಕ್ಷುಕನವರೆಗೆ ಯಾರ ಮೈಯೊಳಗಾದರೂ ಹೊಕ್ಕು ಬರಬಲ್ಲವನ ಪಟ್ಟಿಯಲ್ಲಿ 1965ರಿಂದ ಸಾಯೋವರೆಗಿನ 15 ವರ್ಷ ಖಾಲಿ. ನಟನಿಗೆ ವಯಸ್ಸಾದಂತೆ ಮುಖ ಮಾಗುತ್ತೆ. ಅದೇ ಹೊತ್ತಲ್ಲಿ ಕ್ಯಾಮೆರಾ ಮುಂದೆ ನಿಲ್ಲೋಕೆ ಆಗಲಿಲ್ಲ.

1980ರ ಅಕ್ಟೋಬರ್ 8ರಂದು ಆಸ್ಪತ್ರೆಯಲ್ಲಿ ಕ್ಯಾನ್ಸರ್‌ನಿಂದ ನರಳುತ್ತಿದ್ದಾಗ ಅವನ ಲೇಖನ ಪ್ರಕಟವಾಯಿತು. ಪ್ರತಿಯೊಂದಕ್ಕೂ ಮೇಲಿನವರು ಕೈಹಾಕುತ್ತಾ ಹೋದರೆ ಕಲೆಗೆ ಉಳಿಗಾಲ ಇಲ್ಲ ಅನ್ನೋದು ಅದರ ಸಾರ. ಎರಡು ದಿನಕ್ಕೆ ಆತ ತೀರಿಕೊಂಡ. ಅಂದಹಾಗೆ ಆ ಲೇಖನ ಅಚ್ಚಾಗಿದ್ದು ಅದೇ 'ಪೀಪಲ್ಸ್ ಡೈಲಿ'ಯಲ್ಲಿ, 29 ವರ್ಷದ ಹಿಂದೆ ಅವನ ಭಿಕ್ಷುಕನ ಪಾತ್ರವನ್ನ ಹರಾಜು ಹಾಕಿದ್ದ ಪತ್ರಿಕೆಯಲ್ಲಿ.