ಸೆಂಟರ್ ಇಲ್ಲದೆ ಕಪ್ ಇಲ್ವಾ?

ನಮ್ಮೂರ ಶಾಲೇಲಿ ಟೀಮ್ ಆರಿಸುವಾಗ ಮೇಷ್ಟ್ರು ಮೊದಲು ನೋಡ್ತಿದ್ದದ್ದು ಎತ್ತರ. ಅಮೆರಿಕದ ಎನ್‌ಬಿಎ ಕೂಡ ದಶಕಗಳ ಕಾಲ ಹೀಗೇ ಯೋಚಿಸ್ತಿತ್ತು.

ಕಾರಣ ಇತ್ತು ಬಿಡಿ. ಬುಟ್ಟಿಯ ಹತ್ತಿರ ನಿಲ್ಲುವ ಎತ್ತರದ ಆಟಗಾರನೇ ಸೆಂಟರ್. ಜಾರ್ಜ್ ಮೈಕನ್‌ನನ್ನು ತಡೆಯೋಕಾಗದೆ 1951ರಲ್ಲಿ ಬುಟ್ಟಿ ಮುಂದಿನ ಪಟ್ಟಿಯನ್ನೇ 6 ಅಡಿಯಿಂದ 12 ಅಡಿಗೆ ಹಿಗ್ಗಿಸಿದರು. ಬಾಸ್ಟನ್‌ನ ಸೆಂಟರ್ ಬಿಲ್ ರಸೆಲ್ 13 ಸೀಸನ್‌ಗಳಲ್ಲಿ 11 ಕಪ್ ಗೆದ್ದ. 1977ರಲ್ಲಿ ಪೋರ್ಟ್‌ಲ್ಯಾಂಡ್ ಗೆದ್ದದ್ದೂ ಬಿಲ್ ವಾಲ್ಟನ್ ಎಂಬ ಸೆಂಟರ್ ಬಲದಿಂದ.

ಹಾಗಾಗಿ 1984ರ ಡ್ರಾಫ್ಟ್‌ನಲ್ಲಿ ಅದೇ ಪೋರ್ಟ್‌ಲ್ಯಾಂಡ್ ಮಾಡಿದ್ದು ಅಷ್ಟೇನೂ ಪೆದ್ದುತನ ಅಲ್ಲ ಅನ್ಸುತ್ತೆ ನಂಗೆ. ಹ್ಯೂಸ್ಟನ್ ಮೊದಲನೆಯದಾಗಿ ಹಕೀಮ್ ಒಲಾಜುವಾನ್ ಎಂಬ ಸೆಂಟರ್‌ನನ್ನು ಎತ್ಕೊಂಡಿತು. ಪೋರ್ಟ್‌ಲ್ಯಾಂಡ್ ಹತ್ರ ಗಾರ್ಡ್ ಜಾಗಕ್ಕೆ ಕ್ಲೈಡ್ ಡ್ರೆಕ್ಸ್ಲರ್ ಆಗಲೇ ಇದ್ದ, ಬೇಕಿದ್ದದ್ದು ಸೆಂಟರ್. ಕಾಲಿನ ಗಾಯದಿಂದ ಕಾಲೇಜಿನಲ್ಲೇ ಎರಡು ಸೀಸನ್ ಕಳ್ಕೊಂಡಿದ್ದ ಸ್ಯಾಮ್ ಬೋವಿಯನ್ನು ಆರಿಸಿತು. ಮೂರನೆಯದಾಗಿ ಶಿಕಾಗೋಗೆ ಸಿಕ್ಕ ಗಾರ್ಡ್ ಮೈಕಲ್ ಜೋರ್ಡನ್. ನಾವು ಆಫೀಸಲ್ಲಿ ಖಾಲಿ ಹುದ್ದೆ ನೋಡಿ ಜನ ತಗೊಳ್ತೀವಲ್ಲ, ಥೇಟ್ ಹಾಗೇ.

ಬೋವಿಯ ಕಾಲು ಮತ್ತೆ ಮತ್ತೆ ಕೈಕೊಟ್ಟಿತು. ಜೋರ್ಡನ್ 6 ಕಪ್ ಗೆದ್ದ. ಆ ತಂಡದ ಸೆಂಟರ್‌ಗಳ ಹೆಸರು ಕೇಳಿ ನೋಡಿ, ಫ್ಯಾನ್‌ಗಳೂ ತಡವರಿಸ್ತಾರೆ. 1992ರ ಫೈನಲ್‌ನಲ್ಲಿ ಅವನ ಎದುರು ಸೋತದ್ದು ಪೋರ್ಟ್‌ಲ್ಯಾಂಡೇ. ಮೊದಲ ಪಂದ್ಯದ ಅರ್ಧ ಮುಗಿಯೋದ್ರೊಳಗೆ ಜೋರ್ಡನ್‌ದು 35 ಪಾಯಿಂಟ್.

ಅಂದ್ರೆ ಸೆಂಟರ್ ಕಾಲ ಮುಗೀತಾ? ಇಲ್ಲ ನೋಡಿ. 1994, 1995ರಲ್ಲಿ ಕಪ್ ಹ್ಯೂಸ್ಟನ್‌ಗೆ ಹೋಯ್ತು, ಒಲಾಜುವಾನ್‌ನಿಂದ. ಆ ಎರಡನೇ ಕಪ್ ಎತ್ತುವಾಗ ಅವನ ಪಕ್ಕದಲ್ಲಿದ್ದ ಗಾರ್ಡ್ ಡ್ರೆಕ್ಸ್ಲರ್, ಅದೇ ವರ್ಷ ಪೋರ್ಟ್‌ಲ್ಯಾಂಡ್ ಬಿಟ್ಟು ಬಂದವನು.