ಚಿನ್ನದ ನೆಲದ ತುರಿಕೆ

ಕೋಲಾರದ ಚಿನ್ನದ ಗಣಿಗಳ ಚರಿತ್ರೆಯನ್ನು ಟನ್ನುಗಳ ಲೆಕ್ಕದಲ್ಲಿ ಹೇಳುವವರು ಬಹಳ ಮಂದಿ. 1880ರ ಸುಮಾರಿಗೆ ಜಾನ್ ಟೇಲರ್ ಕಂಪೆನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಗಣಿಗಳನ್ನು ಮುಟ್ಟಿದ್ದು, ಚಾಂಪಿಯನ್ ರೀಫ್ 3,000 ಮೀಟರಿಗೂ ಮಿಕ್ಕಿ ಕೆಳಗಿಳಿದದ್ದು, ಇವೆಲ್ಲ ನಮಗೆ ಕಂಠಪಾಠ. ಬಂಗಾರಪೇಟೆಯಲ್ಲಿ ಚರ್ಮವೈದ್ಯನಾಗಿರುವ ನನಗೆ ಈ ಚರಿತ್ರೆ ಕಾಣುವುದು ಕೆಲಸಗಾರನ ಮೈಮೇಲೆ.

ಅಷ್ಟು ಆಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ತಣಿಸಿದ ಗಾಳಿಯನ್ನು ಕೆಳಗೆ ಒತ್ತಿದರೂ ಮೈ ಆರುವುದು ಸುಲಭವಲ್ಲ. ಅಂಥಲ್ಲಿ ಬೆವರುಸಾಲೆ, ಕಾಲ್ಬೆರಳ ಸಂದಿನ ಕೆಸರುಹುಣ್ಣು, ತೊಡೆಸಂದಿನ ಹುಳುಕಡ್ಡಿ ಕಾಣಿಸಿಕೊಂಡರೆ ಆಶ್ಚರ್ಯವೇನು?

ಗಣಿಯ ತುರಿಕೆ ಎಷ್ಟು ದೂರದ ಸಂಗತಿಗಳನ್ನು ಹೇಳಬಲ್ಲದೆಂಬುದಕ್ಕೆ ಒಂದು ಪ್ರಸಂಗವಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಗಣಿಗಾರರು ನಮ್ಮ ಕೋಲಾರದಲ್ಲಿ ಮೇಲ್ವಿಚಾರಕರಾಗಿದ್ದರು. ಅವರ ತವರಿನ ಡಾಲ್ಕೋತ್ ಎಂಬ ತವರದ ಗಣಿಯಲ್ಲಿ ಆಳುಗಳು ಬಿಳಿಚಿಕೊಂಡು, ಏದುಸಿರು ಬಿಡುತ್ತಿದ್ದರು. ಮೈಮೇಲೆ ತುರಿಸುವ ಗುಳ್ಳೆಗಳು. ಕೆಟ್ಟ ಗಾಳಿಯೇ ಕಾರಣವೆಂದು ಮೊದಲು ಶಂಕಿಸಿದರು. 1902ರಲ್ಲಿ ಹಾಲ್ಡೇನ್ ಎಂಬ ವಿಜ್ಞಾನಿ ಪರೀಕ್ಷಿಸಿದಾಗ ಸಿಕ್ಕಿದ್ದು ಕೊಕ್ಕೆಹುಳು. ಬಿಸಿನಾಡುಗಳ ಗಣಿಗಳಿಂದ ಮರಳಿದವರೊಡನೆ ಅದು ಬಂದಿರಬೇಕೆಂದು ಎಣಿಸಿದರು. ಹುಳು ಚರ್ಮದ ಮೂಲಕವೇ ಒಳಹೊಗುತ್ತದೆಂಬುದು ಅದಕ್ಕೆ ಸ್ವಲ್ಪ ಮುಂಚೆ, ಕೈರೋದಲ್ಲಿ ಲೂಸ್ ಎಂಬ ಪಂಡಿತನ ಕೈಮೇಲೆ ಮರಿಹುಳುಗಳ ನೀರು ಆಕಸ್ಮಿಕವಾಗಿ ಬಿದ್ದು ತುರಿಸಿದಾಗ ತಿಳಿದಿತ್ತು. ಬಿಸಿಯೂ ತೇವವೂ ಇರುವ ಗಣಿಯ ಮಣ್ಣಿನಲ್ಲಿ ಮಲ ಬಿದ್ದರೆ ಹುಳುವಿಗೆ ಅದೇ ತೊಟ್ಟಿಲು. ಹಾಗಾಗಿ ಇದರ ಮುಖ್ಯ ಔಷಧಿ ಮುಲಾಮಲ್ಲ, ಗಣಿಯೊಳಗಿನ ಶೌಚಾಲಯ. ಗುಳ್ಳೆಗೆ ಮುಲಾಮು ಹಚ್ಚಿ ಕಳುಹಿಸಿದ್ದರೆ ರಕ್ತಹೀನತೆಯ ಕಾರಣ ಹಾಗೆಯೇ ಹೂತಿರುತ್ತಿತ್ತು.

ನಮ್ಮ ಶಾಸ್ತ್ರದ ಸ್ನಾತಕೋತ್ತರ ಪದವಿಗೆ ಇಂಡಿಯಾದಲ್ಲಿ ಉದ್ದದ ಹೆಸರು: ಚರ್ಮರೋಗ, ಗುಹ್ಯರೋಗ ಮತ್ತು ಕುಷ್ಠರೋಗ. ಎಂ.ಬಿ.ಬಿ.ಎಸ್. ಮುಗಿದ ಮೇಲೆ ಮೂರು ವರ್ಷದ ಓದು. ಬೋರ್ಡಿನ ಆ ಕೊನೆಯ ಪದವನ್ನು ಕಂಡು ಬಾಗಿಲಲ್ಲೇ ಹಿಂಜರಿಯುವವರನ್ನು ನಾನು ನೋಡಿದ್ದೇನೆ. ತೊನ್ನು ಅಂಟುವುದಿಲ್ಲ, ಅದು ಕುಷ್ಠವೂ ಅಲ್ಲ. ಕುಷ್ಠವಾದರೂ, 1980ರ ದಶಕದಲ್ಲಿ ಬಂದ ಬಹುಔಷಧ ಚಿಕಿತ್ಸೆಯಿಂದ ಆರು ತಿಂಗಳಿಂದ ಒಂದು ವರ್ಷದೊಳಗೆ ವಾಸಿಯಾಗುತ್ತದೆ. ಸ್ಪರ್ಶ ತಿಳಿಯದ ಮಚ್ಚೆಯನ್ನು ಮುಚ್ಚಿಡುವುದರಿಂದಲೇ ಕೈಕಾಲು ಊನವಾಗುವುದು.

2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಕೆಳಗಿಳಿಯುತ್ತಿದ್ದವರ ಮಕ್ಕಳು ಈಗ ಮಾರಿಕುಪ್ಪಂನಿಂದ ಬಂಗಾರಪೇಟೆಯ ಮೂಲಕ ಬೆಂಗಳೂರಿಗೆ ಹೋಗುವ ರೈಲನ್ನು ಹತ್ತುತ್ತಾರೆ. (ಈ ಕವಲು ಹಳಿ 1894ರದು, ಊರು ಆಗ ಬೌರಿಂಗನ ಹೆಸರಿನ ಬೌರಿಂಗ್‌ಪೇಟೆ. ಜನರ ನಾಲಿಗೆ ಅದನ್ನು ಬಂಗಾರ ಮಾಡಿತು, ನ್ಯಾಯವಾಗಿಯೇ.) ದಿನವಿಡೀ ಬೆವರಿನ ಬಿಗಿ ಬಟ್ಟೆ, ರಾತ್ರಿ ಒಗೆದದ್ದು ಬೆಳಗ್ಗೆ ಆರಿರುವುದಿಲ್ಲ. ಹುಳುಕಡ್ಡಿ ಹೋಗಲೇ ಇಲ್ಲ.

ಹೋಗದಿರಲು ಇನ್ನೊಂದು ಕಾರಣ, ಔಷಧಿ ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಸ್ಟೀರಾಯ್ಡ್ ಬೆರೆಸಿದ ಮುಲಾಮು. ಮೊದಲ ಎರಡು ದಿನ ನವೆ ನಿಲ್ಲುತ್ತದೆ, ಕೆಂಪು ಅಡಗುತ್ತದೆ. ಅಡಿಯಲ್ಲಿ ಬೂಷ್ಟು ಮಾತ್ರ ತಡೆಯಿಲ್ಲದೆ ಹಬ್ಬುತ್ತದೆ. ಉಂಗುರದ ಅಂಚು ಅಳಿಸಿಹೋಗಿ ವೈದ್ಯನೂ ಗುರುತು ಹಿಡಿಯಲಾರ. ಸಾಮಾನ್ಯ ಮಾತ್ರೆಗೆ ಬಗ್ಗದ ಬೂಷ್ಟಿನ ತಳಿಯೊಂದಕ್ಕೆ 2020ರಲ್ಲಿ ಇಂಡಿಯಾದ ಹೆಸರನ್ನೇ ಸೇರಿಸಿ ನಾಮಕರಣ ಮಾಡಿದರು. ಈ ಕೀರ್ತಿ ನಮಗೆ ಬೇಕಿರಲಿಲ್ಲ.

ನನ್ನ ಚೀಟಿಯಲ್ಲಿ ಮಾತ್ರೆಗಿಂತ ಮಾತೇ ಹೆಚ್ಚು. ಮಚ್ಚೆಯ ಅಂಚಿನಾಚೆ ಎರಡು ಬೆರಳಗಲ ಹಚ್ಚಿ. ಮಾಯವಾದ ಮೇಲೂ ಎರಡು ವಾರ ಬಿಡಬೇಡಿ. ಬಟ್ಟೆಯನ್ನು ಬಿಸಿಲಿಗೆ ಹಾಕಿ. ಟವಲು ಒಬ್ಬೊಬ್ಬರಿಗೆ ಒಂದೊಂದಿರಲಿ. ಆಮೇಲೆ ಕೇಳುತ್ತೇನೆ: ಮನೆಯಲ್ಲಿ ಇನ್ನಾರಿಗೆ ತುರಿಕೆಯಿದೆ? ಸಾಮಾನ್ಯವಾಗಿ ಸ್ವಲ್ಪ ಹೊತ್ತು ಮೌನ. ಅನಂತರ, ‘ಎಲ್ಲರಿಗೂ ಇದೆ ಸ್ವಾಮಿ’ ಎನ್ನುತ್ತಾರೆ. ಎಲ್ಲರನ್ನೂ ಕರೆದುಕೊಂಡು ಬನ್ನಿ ಎಂದು ಬರೆದುಕೊಡುತ್ತೇನೆ.