ಧಣಿ ಬದಲಾದರೆ ರಹದಾರಿಯೂ ಬದಲು

ಬಳ್ಳಾರಿಯ ಜೀನ್ಸ್ ಘಟಕದಲ್ಲಿ ಹೊಲಿಗೆ ಹಾಕುವವನಿಗೆ ಕೂಲಿ ಸಾಲದೆನಿಸಿದರೆ ಪಕ್ಕದ ಬೀದಿಯ ಘಟಕಕ್ಕೆ ಹೋಗಬಹುದು. ಕುರುಗೋಡಿನಿಂದ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಕಂಪನಿ ಸೇರಿದ ಎಂಜಿನಿಯರು ನೋಟಿಸಿನ ಅವಧಿ ಮುಗಿಸಿ ಬೇರೆ ಕಂಪನಿಗೆ ನಡೆಯಬಹುದು. ಇಬ್ಬರಿಗೂ ಸರ್ಕಾರದ ಅಪ್ಪಣೆ ಬೇಕಿಲ್ಲ. ಅದೇ ಎಂಜಿನಿಯರು ಕೆಲಸದ ವೀಸಾ ಪಡೆದು ಅಮೆರಿಕಕ್ಕೆ ಹೋದರೆ ಮಾತು ಬೇರೆ. ಅಲ್ಲಿ ಉಳಿಯುವ ಹಕ್ಕೇ ಕಂಪನಿಯ ಹೆಸರಿಗೆ ಅಂಟಿಕೊಂಡಿರುತ್ತದೆ.

ಧಣಿಯನ್ನು ಬಿಟ್ಟುಹೋಗುವ ಸ್ವಾತಂತ್ರ್ಯ ಈ ನಾಡಿನಲ್ಲೂ ತಾನಾಗಿ ಬಂದದ್ದಲ್ಲ. ಮುಂಗಡ ಪಡೆದ ಕೆಲಸಗಾರ ಒಪ್ಪಂದ ಮುರಿದರೆ ಮ್ಯಾಜಿಸ್ಟ್ರೇಟರು ಅವನನ್ನು ಕೆಲಸಕ್ಕೆ ಮರಳುವಂತೆ ಆಜ್ಞಾಪಿಸಬಹುದೆಂದು ಬ್ರಿಟಿಷ್ ಸರ್ಕಾರ 1859ರಲ್ಲಿ ಕಾಯ್ದೆ ಮಾಡಿತು. ಆಜ್ಞೆ ಮೀರಿದವನಿಗೆ ಮೂರು ತಿಂಗಳವರೆಗೆ ಕಠಿಣ ಸಜೆ. ಕೊಡಗಿನ ಕಾಫಿ ತೋಟಗಳ ಮಾಲೀಕರಿಗೆ ಇದು ಕೈಗೆ ಸಿಕ್ಕ ಬೆತ್ತವಾಯಿತು. ಆ ಕಾಯ್ದೆ 1925ರಲ್ಲಿ ರದ್ದಾಯಿತು. ಸಾಲಕ್ಕಾಗಿ ದುಡಿಯುವ ಜೀತವನ್ನು ಕಾನೂನು ನಿಷೇಧಿಸಿದ್ದು ಅದಕ್ಕೂ ಅರ್ಧ ಶತಮಾನದ ನಂತರ, 1976ರಲ್ಲಿ.

ವೀಸಾದ ಕಟ್ಟು ಬೇರೆ ಬಗೆಯದು. ಇಲ್ಲಿ ಸಾಲವೂ ಇಲ್ಲ, ಬಲವಂತವೂ ಇಲ್ಲ. ಸ್ವದೇಶದ ಕೆಲಸಗಾರರ ಕೂಲಿ ಕುಸಿಯಬಾರದೆಂದು, ಹೊರಗಿನವರಿಗೆ ಗೊತ್ತಾದ ಹುದ್ದೆಗೆ ಮಾತ್ರ ಅನುಮತಿ ಕೊಡುವುದು ಅದರ ತರ್ಕ. ಅಮೆರಿಕದ 1952ರ ವಲಸೆ ಕಾಯ್ದೆಯಲ್ಲಿ ಎಚ್‌-1 ಎಂಬ ವರ್ಗ ಹುಟ್ಟಿತು. 1990ರ ಕಾಯ್ದೆ ಅದರಿಂದ ಎಚ್‌-1ಬಿಯನ್ನು ಬೇರ್ಪಡಿಸಿ, ವರ್ಷಕ್ಕೆ 65,000ದ ಮಿತಿ ಹಾಕಿತು. ಬೆಂಗಳೂರಿನ ಸಾಫ್ಟ್‌ವೇರ್ ಉದ್ಯಮ ಬೆಳೆದದ್ದೂ ಆ ದಶಕದಲ್ಲೇ. ಇದರಲ್ಲಿ ಅರ್ಜಿದಾರ ಕಂಪನಿಯೇ ಹೊರತು ಕೆಲಸಗಾರನಲ್ಲ. ಕಂಪನಿ ಬದಲಿಸಬೇಕಾದರೆ ಹೊಸ ಕಂಪನಿ ಅರ್ಜಿ ಹಾಕಿ, ಅದು ಮಂಜೂರಾಗುವವರೆಗೆ ಕಾಯಬೇಕಿತ್ತು.

2000ದ ಅಕ್ಟೋಬರಿನಲ್ಲಿ ಬಂದ ಕಾಯ್ದೆ ಈ ಗಂಟನ್ನು ಸಡಿಲಿಸಿತು. ಹೊಸ ಕಂಪನಿ ಅರ್ಜಿ ಸಲ್ಲಿಸಿದೊಡನೆಯೇ ಎಚ್‌-1ಬಿ ಕೆಲಸಗಾರ ಅಲ್ಲಿ ದುಡಿಯತೊಡಗಬಹುದು ಎಂದಾಯಿತು. ಕಂಪ್ಯೂಟರ್ ಬಲ್ಲವರಿಗೆ ವಿಪರೀತ ಬೇಡಿಕೆಯಿದ್ದ ಕಾಲ ಅದು. ಮರುವರ್ಷವೇ ಡಾಟ್‌ಕಾಂ ಕಂಪನಿಗಳು ಕುಸಿದಾಗ ಈ ಸವಲತ್ತಿನ ಮಿತಿಯೂ ತಿಳಿಯಿತು. ಹೊಸ ಧಣಿ ಸಿಕ್ಕರೆ ತಾನೇ ಬದಲಿಸುವ ಮಾತು! ಕೆಲಸ ಹೋದವರಿಗೆ ಬೇರೆ ಕೆಲಸ ಹುಡುಕಲು 60 ದಿನಗಳವರೆಗಿನ ಅವಕಾಶವನ್ನು ನಿಯಮದಲ್ಲಿ ಬರೆದದ್ದು 2017ರಲ್ಲಿ.

ಎಲ್‌-1 ವೀಸಾದವರಿಗೆ 2000ದ ಸಡಿಲಿಕೆ ಅನ್ವಯಿಸುವುದಿಲ್ಲ. 1970ರಲ್ಲಿ ಬಂದ ಈ ವರ್ಗ, ಒಂದೇ ಸಂಸ್ಥೆಯ ಹೊರದೇಶದ ಕಚೇರಿಯಿಂದ ಅಮೆರಿಕದ ಕಚೇರಿಗೆ ವರ್ಗವಾಗುವವರಿಗಾಗಿ ಮಾಡಿದ್ದು. ಸಂಸ್ಥೆ ಬಿಟ್ಟರೆ ವರ್ಗಾವಣೆಯ ಅರ್ಥವೇ ಉಳಿಯುವುದಿಲ್ಲ. ಆದ್ದರಿಂದ ಹೊರಗಿನ ಕಂಪನಿ ಸೇರಬಯಸುವವರು ಸಾಮಾನ್ಯವಾಗಿ ಎಚ್‌-1ಬಿಗೆ ಬದಲಾಗಬೇಕು. ಮಿತಿಯೊಳಗೆ ಹಿಂದೆ ಲೆಕ್ಕವಾಗಿರದಿದ್ದರೆ ಲಾಟರಿಯಲ್ಲಿ ಹೆಸರು ಬಂದು, ಅಕ್ಟೋಬರ್ 1ರವರೆಗೆ ಕಾಯಬೇಕು. ಎಲ್‌-1ರಲ್ಲಿ ಕಳೆದ ದಿನಗಳೂ ಎಚ್‌-1ಬಿಯ ಆರು ವರ್ಷಗಳಲ್ಲಿ ಸೇರಿಹೋಗುತ್ತವೆ.

ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ಹೋದವರು ಕಂಡ ಕಟ್ಟು ಇನ್ನೂ ಬಿಗಿ. ಅಲ್ಲಿನ 'ಕಫಾಲಾ' ಪದ್ಧತಿಯಲ್ಲಿ ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಸ ಕೆಲಸ ಹಿಡಿಯುವುದು ಕಷ್ಟವಾಗಿತ್ತು. ಕತಾರ್ 2020ರಲ್ಲಿ ಆ ಪತ್ರದ ಅಗತ್ಯವನ್ನು ತೆಗೆಯಿತು. 2021ರಲ್ಲಿ ಸೌದಿ ಅರೇಬಿಯಾವೂ ನಿಯಮ ಸಡಿಲಿಸಿತು. ಆದರೆ ಮನೆಗೆಲಸದವರನ್ನು ಆ ಸುಧಾರಣೆಯಿಂದ ಹೊರಗಿಟ್ಟಿತು.

ಹೊರಡುವ ಮುನ್ನ ಹೆಚ್ಚಿನವರು ಕೇಳುವುದು ಸಂಬಳ ಎಷ್ಟೆಂದು. ವೀಸಾ ಯಾವ ವರ್ಗದ್ದು, ಅರ್ಜಿ ಯಾರ ಹೆಸರಿನಲ್ಲಿದೆ, ಕೆಲಸ ಬಿಟ್ಟರೆ ಎಷ್ಟು ದಿನ ಉಳಿಯಬಹುದು ಎಂಬುದನ್ನೂ ಆಗಲೇ ಕೇಳಿಕೊಳ್ಳುವುದು ಲೇಸು. ಕೊಟ್ಟ ಸಂಬಳ ಸಾಲದು ಎನ್ನುವ ಧೈರ್ಯ ಬರುವುದು ಬಿಟ್ಟುಹೋಗುವ ದಾರಿ ತೆರೆದಿದ್ದಾಗಲೇ.